ಸರಳೆ ಹೇಳಿಕೊಟ್ಟವರು ಯಾರು?

ಗಂಡಸಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ



ತಾಯಿಯ ನೆನಪಿಗೆ ಇಟ್ಟ ಈ ದತ್ತಿಯ ಕರಾರಿನಲ್ಲಿ ‘ಮಕ್ಕಳಿಗೆ ಪ್ರಯೋಜನವಾಗುವ ವಿಷಯ’ ಎಂದು ಬರೆದಿದೆಯಂತೆ. ಅದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ನಾನು ಬಹಳ ವರ್ಷ ಮಾಡಿದ ಒಂದು ತಪ್ಪು. ಮಾತು ಅಲ್ಲಿಂದಲೇ ಶುರುವಾಗಲಿ.

ಹಗಲು ಶಾಲೆಯಲ್ಲಿ ಪಾಠ, ಸಂಜೆ ಮನೆಯಲ್ಲಿ ಮಕ್ಕಳಿಗೆ ಸಂಗೀತ. ಹೀಗೆ ನನ್ನ ಕೆಲಸದ ವರ್ಷಗಳು ಕಳೆದವು. ಮೊದಲ ದಿನ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದು ತಾಯಿ ಬರುತ್ತಾಳೆ. ಮಗು ಅವಳ ಸೆರಗಿನ ಹಿಂದೆ ನಿಂತಿರುತ್ತದೆ. ಕೂರಿಸಿ, ಶ್ರುತಿ ಹಾಕಿ, ‘ಸ ರಿ ಗ ಮ’ ಹೇಳಿಸುತ್ತಿದ್ದೆ. ಸರಳೆ ಮುಗಿಯಿತು, ಜಂಟಿ ಮುಗಿಯಿತು, ಅಲಂಕಾರ ಮುಗಿಯಿತು, ಗೀತೆ ಬಂತು. ಜೂನಿಯರ್ ಪರೀಕ್ಷೆ ಹತ್ತಿರವಾದಾಗ ಬೇರೊಂದು ನೋಟ್‌ಬುಕ್ ತೆಗೆಸಿ ‘ವಾಗ್ಗೇಯಕಾರರ ಜೀವನ ಚರಿತ್ರೆ’ ಬರೆಸುತ್ತಿದ್ದೆ. ಪುರಂದರದಾಸರು: ಜನನ 1484, ಮೊದಲ ಹೆಸರು ಶ್ರೀನಿವಾಸ ನಾಯಕ, ಗುರುಗಳು ವ್ಯಾಸರಾಯರು, ಅಂಕಿತ ಪುರಂದರವಿಠಲ, ಕಾಲವಾದದ್ದು 1564. ಮಕ್ಕಳು ಬಾಯಿಪಾಠ ಮಾಡಿ ಬರೆದು ಪಾಸಾಗುತ್ತಿದ್ದರು.

ಹಾಗೆ ಪಾಸಾದ ಒಬ್ಬ ಹುಡುಗಿ ಒಂದು ಸಂಜೆ ಕೇಳಿದಳು: “ಮಿಸ್, ಪರೀಕ್ಷೆಲಿ ಬರೆದ ಪುರಂದರದಾಸರು, ನಾವು ಶನಿವಾರ ಭಜನೆಲಿ ಹಾಡ್ತೀವಲ್ಲ, ಅವರೇನಾ?” ಹೌದು ಅಂದೆ. “ಮತ್ತೆ ಸರಳೆ ಯಾರ್ದು?” ಅಂದಳು. ಅದೂ ಅವರದೇ ಎಂದು ಪರಂಪರೆ ಹೇಳುತ್ತದೆ ಅಂದೆ. ಆ ಮಗು ನನ್ನನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತಿತು. ಎರಡು ವರ್ಷ ದಿನಾ ಅವರ ಪಾಠ ಹೇಳಿದ್ದಳು, ಅದಕ್ಕೂ ಮುಂಚಿನಿಂದ ಭಜನೆಯಲ್ಲಿ ಅವರ ಹಾಡು ಹಾಡಿದ್ದಳು, ನೋಟ್‌ಬುಕ್ಕಿನಲ್ಲಿ ಅವರ ಚರಿತ್ರೆ ಬರೆದಿದ್ದಳು. ಮೂವರೂ ಒಬ್ಬರೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು.

ನಮ್ಮ ಗಂಡಸಿ, ಅರಸೀಕೆರೆ ಸೀಮೆಯಲ್ಲಿ ಎರಡು ಬಗೆಯ ಮಕ್ಕಳಿದ್ದಾರೆ. ಹಳ್ಳಿಯ ಭಜನೆ ಮನೆಯಲ್ಲಿ ಹಾರ್ಮೋನಿಯಂ, ಡೋಲಕ್ಕು, ತಾಳದ ನಡುವೆ ಬೆಳೆದವರು ಒಂದು ಕಡೆ. ಇವರಿಗೆ ದಾಸರ ಹತ್ತಾರು ಪದ ಕಂಠಪಾಠ, ಸ್ವರದ ಹೆಸರು ಗೊತ್ತಿಲ್ಲ. ಪೇಟೆಯಲ್ಲಿ ಸಂಗೀತದ ಪಾಠಕ್ಕೆ ಹೋಗುವವರು ಇನ್ನೊಂದು ಕಡೆ. ಅವರಿಗೆ ಮೂರು ಕಾಲದಲ್ಲಿ ಸರಳೆ ಬರುತ್ತದೆ, ದಾಸರು ಗೋಡೆಯ ಮೇಲಿನ ಪಟ. ಎರಡು ಕಡೆಯ ಮಕ್ಕಳ ಬಾಯಲ್ಲೂ ಪುರಂದರದಾಸರೇ ಇದ್ದಾರೆ. ಆದ್ದರಿಂದ ‘ಪರಿಚಯ ಮಾಡಿಸುವುದು’ ಎನ್ನುವ ಮಾತೇ ಇಲ್ಲಿ ಪೂರ್ತಿ ಸರಿಯಲ್ಲ. ಮಗು ಆಗಲೇ ಅವರ ಕೈ ಹಿಡಿದು ನಡೆಯುತ್ತಿದೆ, ಅದು ಯಾರ ಕೈ ಎಂದು ಹೇಳಿದರೆ ಸಾಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಪಾಠದ ಮಾತು. ಮಕ್ಕಳೆ, ನಿಮ್ಮ ಭಜನೆ ಮನೆಯ ಹಾರ್ಮೋನಿಯಂ ನೆನಪು ಮಾಡಿಕೊಳ್ಳಿ. ಸಾಲಿನ ಮೊದಲ ಬಿಳಿ ಮನೆಯನ್ನು ‘ಸ’ ಅಂತ ಇಟ್ಟುಕೊಳ್ಳೋಣ. ಪಕ್ಕದಲ್ಲೇ ಅಂಟಿಕೊಂಡಿರುವ ಕರಿ ಮನೆ ‘ರಿ’. ಅಲ್ಲಿಂದ ಎರಡು ಮನೆ ದಾಟಿ ಬಿಳಿಯ ಮೇಲೆ ಬೆರಳಿಟ್ಟರೆ ‘ಗ’, ಅದರ ಪಕ್ಕದ್ದೇ ‘ಮ’. ಒಂದು ಪುಟ್ಟ ಹೆಜ್ಜೆ, ಒಂದು ದೊಡ್ಡ ಹೆಜ್ಜೆ, ಮತ್ತೆ ಪುಟ್ಟ ಹೆಜ್ಜೆ. ಈಗ ‘ಪ’ದಿಂದ ಹೊರಡಿ. ಪಕ್ಕದ ಕರಿ ಮನೆ ‘ದ’, ಎರಡು ಮನೆ ದಾಟಿ ‘ನಿ’, ಅದರ ಪಕ್ಕ ಮೇಲಿನ ‘ಸ’. ಮತ್ತೆ ಅದೇ ಪುಟ್ಟದು, ದೊಡ್ಡದು, ಪುಟ್ಟದು. ಅರ್ಧ ಕಲಿತವರಿಗೆ ಇನ್ನರ್ಧ ತಾನೇ ಬರುತ್ತದೆ. ಈ ರಾಗದ ಹೆಸರು ಮಾಯಾಮಾಳವಗೌಳ. 72 ಮೇಳಗಳಲ್ಲಿ ಅದು 15ನೆಯದು. ಮೊದಲ ಪಾಠಕ್ಕೆ ಇದನ್ನೇ ಆರಿಸಿ ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ನಮ್ಮ ಸಂಗೀತಲೋಕ ನಂಬಿ ನಡೆದಿದೆ. ಅವರನ್ನು ಕರ್ನಾಟಕ ಸಂಗೀತದ ಪಿತಾಮಹ ಎಂದು ಕರೆಯುವುದಕ್ಕೆ ಇದೇ ಮುಖ್ಯ ಕಾರಣ.

ಪುಟ್ಟ ಮಗುವಿನ ಗಂಟಲಿಗೆ ಪುಟ್ಟ ಹೆಜ್ಜೆಯೂ ಗೊತ್ತಾಗಬೇಕು, ದೊಡ್ಡ ಹೆಜ್ಜೆಯೂ ಗೊತ್ತಾಗಬೇಕು, ಎರಡರ ವ್ಯತ್ಯಾಸ ಕಿವಿಗೆ ಎದ್ದು ಕಾಣಬೇಕು. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇದ್ದಂತೆ ಕೇಳಿಸಿದರೆ ಮಗು ಎಲ್ಲಿದೆ ಎಂದು ಮಗುವಿಗೇ ತಿಳಿಯುವುದಿಲ್ಲ. ಮಾಯಾಮಾಳವಗೌಳದಲ್ಲಿ ಆ ಗೊಂದಲ ಆಗುವುದಿಲ್ಲ. ಇಷ್ಟು ವರ್ಷ ಮಕ್ಕಳ ಎದುರು ಕೂತು ನಾನು ಕಂಡದ್ದು ಇದು. ಈ ಕ್ರಮ ಮಾಡಿದವರು ಮಕ್ಕಳ ಎದುರು ಕೂತಿದ್ದವರೇ ಇರಬೇಕು, ದೂರ ನಿಂತು ಶಾಸ್ತ್ರ ಬರೆದವರಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಲೋಕದ ಬೇರೆ ಕಡೆಯೂ ದೊಡ್ಡ ವಾಗ್ಗೇಯಕಾರರು ಮಕ್ಕಳಿಗಾಗಿ ಕೂತು ಬರೆದಿದ್ದಾರೆ. ಜರ್ಮನಿಯ ಬಾಖ್ 1720ರಲ್ಲಿ ತನ್ನ ಒಂಬತ್ತು ವರ್ಷದ ಮಗನಿಗಾಗಿ ಪಾಠದ ಪುಸ್ತಕವೊಂದನ್ನು ಶುರುಮಾಡಿದ. ಹಂಗೇರಿಯ ಬಾರ್ಟೋಕ್ ಪಿಯಾನೋ ಕಲಿಯುವವರಿಗೆ ಸುಲಭದಿಂದ ಕಷ್ಟಕ್ಕೆ ಹೋಗುವ 153 ತುಣುಕುಗಳನ್ನು 6 ಸಂಪುಟಗಳಲ್ಲಿ ಬರೆದ. ಮೊದಲ ಎರಡು ಸಂಪುಟಗಳು ಅವನ ಮಗನಿಗೆ ಅರ್ಪಿತ. ಪುರಂದರದಾಸರು ಇವರಿಬ್ಬರಿಗಿಂತ ಎಷ್ಟೋ ಹಿಂದಿನವರು. ಅವರ ಪಾಠ ಯಾವ ಒಂದು ಮನೆಯ ಮಗುವಿಗೂ ಮೀಸಲಾಗಲಿಲ್ಲ. ತಂಜಾವೂರಿನಲ್ಲಿ, ತಿರುವನಂತಪುರದಲ್ಲಿ, ವಿಜಯವಾಡದಲ್ಲಿ ಇವತ್ತು ಸಂಜೆ ಸಂಗೀತಕ್ಕೆ ಕೂರುವ ಮಗುವಿಗೂ ಇದೇ ಸರಳೆ.

ಸರಳೆಯ ಆಮೇಲೆ ಗೀತೆ. ಮಲಹರಿ ರಾಗದ ಗೀತೆಗಳನ್ನು ನಾವು ಪಿಳ್ಳಾರಿ ಗೀತೆ ಎನ್ನುತ್ತೇವೆ. ಮಲಹರಿ ಎಂದರೆ ಮಗು ಆಗಲೇ ಹತ್ತಿ ಇಳಿದ ಅದೇ ಮೆಟ್ಟಿಲು, ‘ನಿ’ ಮಾತ್ರ ಇಲ್ಲ. ಹತ್ತುವಾಗ ‘ಗ’ವನ್ನೂ ದಾಟಬೇಕು, ಇಳಿಯುವಾಗ ಅದನ್ನು ಮುಟ್ಟಬೇಕು. ಮೊದಲ ಸಲ ಈ ಮೆಟ್ಟಿಲು ದಾಟುವಾಗ ಮಕ್ಕಳ ಮುಖ ನೋಡಬೇಕು, ಕುಂಟಾಬಿಲ್ಲೆ ಆಡುವಾಗಿನ ಮುಖವೇ. ಆ ಗೀತೆಗಳಲ್ಲಿ ‘ಕೆರೆಯ ನೀರನು’ ಎಂದು ಶುರುವಾಗುವ ಒಂದಿದೆ, ತ್ರಿಪುಟ ತಾಳದ್ದು. ಹೆಚ್ಚುಕಡಿಮೆ ಸ್ವರಕ್ಕೊಂದು ಅಕ್ಷರ. ಕೆರೆಯಿಂದ ಮೊಗೆದ ನೀರನ್ನು ಕೆರೆಗೇ ಅರ್ಪಿಸುವ ಮಾತು ಅದು. ನಾವು ದೇವರಿಗೆ ಕೊಡುವುದೆಲ್ಲ ಮೊದಲೇ ಅವನದಾಗಿತ್ತು ಎಂಬ ಭಾವ.

ಬಹುಕಾಲ ನಾನು ಈ ಗೀತೆಯ ಸ್ವರ ತಿದ್ದುತ್ತಿದ್ದೆ, ತಾಳ ತಿದ್ದುತ್ತಿದ್ದೆ, ಅರ್ಥದ ಸುದ್ದಿಗೆ ಹೋಗುತ್ತಿರಲಿಲ್ಲ. ಹೊಯ್ಸಳರ ಅರಸಿ ಕಟ್ಟಿಸಿದ ಕೆರೆಯಿಂದಲೇ ಹೆಸರು ಪಡೆದ ಅರಸೀಕೆರೆಯ ಮಗ್ಗುಲಲ್ಲಿ ಕೂತು ಕೆರೆಯ ಹಾಡನ್ನು ಬರಿ ಸ್ವರವಾಗಿ ಕಲಿಸಿದ್ದೆ! ನಮ್ಮ ಮಕ್ಕಳಿಗೆ ಕೆರೆ ತುಂಬಿದ ವರ್ಷ ಯಾವುದು, ಒಣಗಿದ ವರ್ಷ ಯಾವುದು ಎಂದು ಮನೆಯಲ್ಲಿ ಆಡುವ ಮಾತಿನಿಂದ ಗೊತ್ತು. ಈಗ ನಾನು ಗೀತೆ ಶುರುಮಾಡುವ ಮೊದಲು ಒಂದು ಚೊಂಬು ನೀರು, ಒಂದು ಬೋಗುಣಿ ಇಡುತ್ತೇನೆ. ಒಂದು ಮಗು ಬೊಗಸೆಯಲ್ಲಿ ನೀರು ಮೊಗೆದು ಮತ್ತೆ ಅದಕ್ಕೇ ಬಿಡುತ್ತದೆ. ಉಳಿದವರು ಏಳು ಅಕ್ಷರದ ತಾಳ ಹಾಕುತ್ತಾರೆ: ತಟ್ಟು, ಕಿರುಬೆರಳು, ಉಂಗುರಬೆರಳು, ತಟ್ಟು, ತಿರುವು, ತಟ್ಟು, ತಿರುವು. ನೀರು ಬೆರಳ ಸಂದಿಯಿಂದ ಇಳಿಯುವುದನ್ನು ನೋಡುತ್ತ ಹಾಡಿದ ಗೀತೆಯನ್ನು ಮಕ್ಕಳು ಮರೆತದ್ದು ನಾನು ಕಂಡಿಲ್ಲ.

ಇನ್ನು ಬದುಕು. ಎಲ್ಲರಿಗೂ ಗೊತ್ತಿರುವ ಮೂಗುತಿಯ ಕಥೆ ಇದೆಯಲ್ಲ. ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕರ ಅಂಗಡಿಗೆ ಬಡವನೊಬ್ಬ ಮಗನ ಉಪನಯನಕ್ಕೆ ಹಣ ಕೇಳಿ ಬರುತ್ತಾನೆ. ಇವತ್ತು ಬಾ, ನಾಳೆ ಬಾ ಎಂದು ಅವರು ಅಲೆಸುತ್ತಾರೆ. ಆತ ಮನೆಗೆ ಹೋದಾಗ ಹೆಂಡತಿ ಸರಸ್ವತಿ ತನ್ನ ಮೂಗುತಿ ಬಿಚ್ಚಿ ಕೊಡುತ್ತಾಳೆ. ಅದು ತಿರುಗಿ ನಾಯಕರ ಅಂಗಡಿಗೇ ಬರುತ್ತದೆ. ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಮೂಗುತಿ ತೋರಿಸು ಎನ್ನುತ್ತಾರೆ. ಅವಳು ವಿಷ ಕುಡಿಯಲು ಬಟ್ಟಲೆತ್ತಿದಾಗ ಮೂಗುತಿ ಅದರೊಳಗೆ ಬೀಳುತ್ತದೆ, ಅಂಗಡಿಯ ಪೆಟ್ಟಿಗೆ ಬರಿದಾಗಿರುತ್ತದೆ. 1964ರಲ್ಲಿ ಬಂದ ‘ನವಕೋಟಿ ನಾರಾಯಣ’ ಚಿತ್ರದಲ್ಲಿ ರಾಜ್‌ಕುಮಾರ್ ಅವರನ್ನು ನೋಡಿ ಕಣ್ಣೀರು ಹಾಕಿದ ಅಜ್ಜಿಯರು ಈ ಸಭೆಯಲ್ಲೇ ಇರಬಹುದು.

ವಿಷದ ಬಟ್ಟಲಿನ ಭಾಗವನ್ನು ನಾನು ಚಿಕ್ಕ ಮಕ್ಕಳಿಗೆ ಹೇಳುವುದಿಲ್ಲ. ಗಂಡ ಗದರಿದರೆ ಹೆಂಡತಿ ವಿಷ ಕುಡಿಯುವುದು ಮಗುವಿನ ಮನಸ್ಸಿನಲ್ಲಿ ಭಕ್ತಿಯ ಚಿತ್ರವಾಗಿ ಕೂರಬಾರದು. ಸರಸ್ವತಿ ದೇವರ ಮುಂದೆ ಕೂತು ಕೈಮುಗಿದಳು ಎನ್ನುತ್ತೇನೆ. ಕಥೆಯನ್ನು ಹಾಗೆ ಬದಲಿಸಬಹುದೇ ಎಂದು ಕೆಲವರು ಆಕ್ಷೇಪಿಸಿದ್ದಾರೆ. ದೊಡ್ಡವರಾದ ಮೇಲೆ ಮಕ್ಕಳು ಪೂರ್ತಿ ಕಥೆ ಕೇಳುತ್ತಾರೆ, ಅವಸರವೇನಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಈ ಕಥೆಯಲ್ಲಿ ಮೊದಲು ಕೈಬಿಚ್ಚಿ ಕೊಟ್ಟವಳು ಸರಸ್ವತಿ. ದಾಸರೇ ಒಂದು ಪದದಲ್ಲಿ, ತಮಗೆ ಹೀಗಾದದ್ದು ಒಳ್ಳೆಯದೇ ಆಯಿತು, ಹೆಂಡತಿಯ ದೆಸೆಯಿಂದ ತಾವು ಬುಟ್ಟಿ ಹಿಡಿಯುವಂತಾಯಿತು ಎಂದು ಹಾಡಿದ್ದಾರೆ. ಹೆಣ್ಣುಮಕ್ಕಳು ಅದನ್ನು ಕೇಳಿಸಿಕೊಳ್ಳಬೇಕು, ಗಂಡುಮಕ್ಕಳು ಇನ್ನೂ ಚೆನ್ನಾಗಿ ಕೇಳಿಸಿಕೊಳ್ಳಬೇಕು.

ಕಥೆ ಬೇರೆ, ಚರಿತ್ರೆ ಬೇರೆ ಎಂಬುದನ್ನು ಮಕ್ಕಳಿಗೆ ಹೇಳಲು ನಾವು ಹೆದರಬೇಕಾಗಿಲ್ಲ. ‘ಜನ ಹೀಗೆ ಹೇಳುತ್ತಾರೆ’ ಎಂದರೆ ಅವರಿಗೆ ಅರ್ಥವಾಗುತ್ತದೆ. ದಾಸರ ಹುಟ್ಟೂರು ಪುಣೆ ಬಳಿಯ ಪುರಂದರಗಡ ಎಂದು ಬಹುಕಾಲ ಹೇಳುತ್ತಿದ್ದರು. ತೀರ್ಥಹಳ್ಳಿ ಕಡೆಯ ಕ್ಷೇಮಪುರ ಎಂದು ಈಚಿನ ವಿದ್ವಾಂಸರು ವಾದಿಸಿದ್ದಾರೆ. ಹಂಪಿಯಲ್ಲಿ ತುಂಗಭದ್ರೆಯ ದಂಡೆಗೆ ಪುರಂದರ ಮಂಟಪವಿದೆ, ಹೊಳೆ ತುಂಬಿ ಬಂದಾಗ ನೀರಿನಲ್ಲಿ ಮುಳುಗುತ್ತದೆ. ಪ್ರತಿ ವರ್ಷ ಪುಷ್ಯ ಬಹುಳ ಅಮಾವಾಸ್ಯೆಯಂದು ಅವರ ಆರಾಧನೆ. ಅವರು ಹಾಡಿದ್ದು ಕೃಷ್ಣದೇವರಾಯನ, ಅಚ್ಯುತರಾಯನ ಕಾಲದ ವಿಜಯನಗರದಲ್ಲಿ. ಅವರು ಕಣ್ಣುಮುಚ್ಚಿದ್ದು 1564 ಎಂದುಕೊಂಡರೆ, ಮರುವರ್ಷದ ತಾಳಿಕೋಟೆ ಯುದ್ಧದ ನಂತರ ಆ ಪಟ್ಟಣ ಹಾಳಾಯಿತು. ಅಷ್ಟು ದೊಡ್ಡ ಪಟ್ಟಣ ಕಲ್ಲಾಗಿ ಉಳಿದಿದೆ. ಹಾಡು ನಮ್ಮ ಭಜನೆ ಮನೆಗೆ ಬಂದಿದೆ.

ದಾಸರು 4,75,000 ಪದ ರಚಿಸಿದರು ಎಂಬ ಮಾತಿದೆ. ಒಮ್ಮೆ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ನಲವತ್ತು ವರ್ಷ ಹಾಡಿದರು ಅಂತ ಇಟ್ಟುಕೊಂಡರೆ 14,600 ದಿನ. ಭಾಗಿಸಿದರೆ ದಿನಕ್ಕೆ 32ಕ್ಕೂ ಹೆಚ್ಚು ಹಾಡು. “ಮತ್ತೆ ಊಟ ಯಾವಾಗ ಮಾಡ್ತಿದ್ರು ಮಿಸ್?” ಎಂದು ಒಬ್ಬ ಹುಡುಗ ನಿಜವಾದ ಕಾಳಜಿಯಿಂದ ಕೇಳಿದ. ಎಣಿಸಲಾಗದಷ್ಟು ಹಾಡಿದರು ಎನ್ನಲು ಹಿಂದಿನವರು ಹಾಗೆ ಹೇಳಿದರು, ನಮಗೆ ಸಿಕ್ಕಿರುವುದು ಸಾವಿರದ ಆಸುಪಾಸು ಎಂದೆ. ಅವನಿಗೆ ಸಮಾಧಾನವಾಯಿತು. ಸಾವಿರವೇನು ಕಡಿಮೆಯೇ?

ಬದುಕನ್ನು ತಿಳಿಯಲು ಕಥೆಗಿಂತ ಒಳ್ಳೆಯ ದಾರಿ ಹಾಡಿನ ಒಳಗೇ ಇದೆ. ವ್ಯಾಪಾರ ಬಿಟ್ಟರೂ ವ್ಯಾಪಾರಿಯ ಕಣ್ಣು ಅವರನ್ನು ಬಿಡಲಿಲ್ಲ. ಕಲ್ಲುಸಕ್ಕರೆಯ ಹಾಡು ಕೇಳಿ. ಬೀದಿಯಲ್ಲಿ ಸರಕು ಕೂಗುವವನ ದನಿ ಅದು. ಎತ್ತು, ಗೋಣಿ, ಬಾಡಿಗೆ, ಸುಂಕ ಎಲ್ಲವೂ ಬರುತ್ತವೆ. ಈ ಸರಕಿಗೆ ಅದ್ಯಾವುದರ ಗೊಡವೆಯೂ ಇಲ್ಲ ಎನ್ನುತ್ತಾರೆ. ತಿಪಟೂರಿನ ಮಾರುಕಟ್ಟೆಗೆ ಅಪ್ಪನ ಜೊತೆ ಕೊಬ್ಬರಿ ಚೀಲ ಹೇರಿಕೊಂಡು ಹೋಗಿ ಬಂದ ಮಗುವಿಗೆ ಈ ಹಾಡನ್ನು ಯಾರೂ ವಿವರಿಸಬೇಕಾಗಿಲ್ಲ.

‘ರಾಗಿ ತಂದೀರಾ’ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಬಾಗಿಲಲ್ಲಿ ನಿಂತ ದಾಸರು ಭಿಕ್ಷೆಗೆ ರಾಗಿ ಕೇಳುತ್ತಾರೆ. ಆಮೇಲೆ ಯಾವ ಯಾವ ‘ರಾಗಿ’ ಬೇಕು ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತಾರೆ. ಸುಗ್ಗಿಯ ಹೊತ್ತಿನಲ್ಲಿ ಈ ಹಾಡು ಹೇಳಿಕೊಡುತ್ತಿದ್ದೆ. ಹೊರಗೆ ಡಾಂಬರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು, ಗಾಡಿಗಳು ಅದರ ಮೇಲೆ ಓಡುತ್ತಿದ್ದವು, ಹೊಟ್ಟು ಗಾಳಿಗೆ ಹಾರಿ ಕಿಟಕಿಯವರೆಗೂ ಬರುತ್ತಿತ್ತು. ಎರಡನೆಯ ಚರಣ ಹೇಳುವಾಗ ಹಿಂದಿನ ಸಾಲಿನ ಹುಡುಗನೊಬ್ಬ ತಟ್ಟನೆ ಎದ್ದು ನಿಂತ. “ಮಿಸ್, ಇದು ನಮ್ಮನೆ ರಾಗಿ ಅಲ್ಲ! ‘ಒಳ್ಳೆಯವರಾಗಿ’ ಅಂತೀವಲ್ಲ, ಆ ರಾಗಿ!” ಇಡೀ ತರಗತಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಜಾಣರಾಗಿ, ಧೀರರಾಗಿ, ಡಾಕ್ಟರಾಗಿ, ಡ್ರೈವರಾಗಿ, ಕಂಡಕ್ಟರಾಗಿ! ಕೊನೆಗೆ ಒಬ್ಬಳು ‘ಮಿಸ್ಸಿನ ಥರ ಟೀಚರಾಗಿ’ ಅಂದಳು. ಐನೂರು ವರ್ಷದ ಹಿಂದೆ ಒಬ್ಬರು ಮಾಡಿದ ಮಾತಿನ ಆಟವನ್ನು ನಮ್ಮ ಮಕ್ಕಳು ಅವರ ಜೊತೆಗೇ ಕೂತು ಮುಂದುವರಿಸುತ್ತಿದ್ದರು. ಅವತ್ತು ನಾನು ಪಾಠ ಅಲ್ಲಿಗೇ ನಿಲ್ಲಿಸಿದೆ.

ಇಲ್ಲಿ ಒಂದು ಸಂಕೋಚದ ವಿಷಯವನ್ನೂ ಹೇಳಿಬಿಡುತ್ತೇನೆ. ‘ಸಂಗೀತ ನಮ್ಮಂಥವರ ಮಕ್ಕಳಿಗಲ್ಲ ಬಿಡಿ ಮೇಡಂ’ ಎಂಬ ಮಾತನ್ನು ನಾನು ಎಷ್ಟೋ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ದಾಸರು ಪಂಡಿತರ ಸಂಸ್ಕೃತ ಬಿಟ್ಟು ಕನ್ನಡದಲ್ಲಿ, ಅದರಲ್ಲೂ ಬೀದಿಯ, ಅಡುಗೆಮನೆಯ ಕನ್ನಡದಲ್ಲಿ ಹಾಡಿದ್ದು ಯಾರಿಗಾಗಿ? ಅವರ ಗುರುಗಳಾದ ವ್ಯಾಸರಾಯರ ಬಳಗದಲ್ಲೇ ಕನಕದಾಸರೂ ಇದ್ದರು. ಆ ಕಾಲದವರೇ ಆದ ವೈಕುಂಠದಾಸರು ನಮ್ಮ ಬೇಲೂರಿನಲ್ಲಿದ್ದರು. ಬೇಲೂರು ಹಳೇಬೀಡಿಗೆ ಪ್ರವಾಸ ಹೋದಾಗ ಮಕ್ಕಳಿಗೆ ಮದನಿಕೆಯರನ್ನು ತೋರಿಸುತ್ತೇವೆ. ಮದ್ದಳೆ, ತಾಳ, ಕೊಳಲು ಹಿಡಿದ ಶಿಲ್ಪಗಳ ಮುಂದೆಯೂ ನಿಲ್ಲಿಸಿ. ಬೇಲೂರಿನ ಗುಡಿ 1117ರದ್ದು. ಪುರಂದರದಾಸರು ಹುಟ್ಟುವ ಹೊತ್ತಿಗೇ ಈ ಕಲ್ಲಿನ ವಾದ್ಯಗಾರರಿಗೆ 367 ವರ್ಷ ಆಗಿತ್ತು ಎಂದು ಹೇಳಿ. ಇದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯಲ್ಲಿ, ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ಕೊಟ್ಟ ಊರು. ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವಿದೆ. ಸಂಗೀತ ನಮ್ಮದಲ್ಲ ಎನ್ನಲು ಹಾಸನ ಜಿಲ್ಲೆಯವರಿಗೆ ಯಾವ ಕಾರಣವೂ ಇಲ್ಲ.

ಕೊನೆಯದಾಗಿ ಧಾಟಿಯ ಮಾತು. ದಾಸರು ತಮ್ಮ ಪದಗಳನ್ನು ಯಾವ ಧಾಟಿಯಲ್ಲಿ ಹಾಡಿದರೋ ಅದು ಬಹುಪಾಲು ನಮಗೆ ಉಳಿದಿಲ್ಲ. ಇವತ್ತು ಕೇಳುವ ಮಟ್ಟುಗಳು ಹೆಚ್ಚಾಗಿ ಆಮೇಲಿನ ವಿದ್ವಾಂಸರು ಕೂಡಿಸಿದವು. ಇದನ್ನು ನಷ್ಟ ಎಂದು ಮಾತ್ರ ನೋಡಬೇಡಿ. ನಾನು ಮಕ್ಕಳಿಗೆ ಮನೆಪಾಠವಾಗಿ ಕೊಡುವುದು ಇದನ್ನೇ. ‘ಭಾಗ್ಯದ ಲಕ್ಷ್ಮೀ’ಯನ್ನು ಭೀಮಸೇನ ಜೋಶಿಯವರ ದನಿಯಲ್ಲಿ ಕೇಳಿ, ಆಮೇಲೆ ನಿಮ್ಮ ಅಜ್ಜಿ ಶುಕ್ರವಾರ ಹಾಡುವುದನ್ನು ಕೇಳಿ. ಇಬ್ಬರೂ ಯಾವ ಮಾತಿನ ಮೇಲೆ ನಿಲ್ಲುತ್ತಾರೆ, ಎಲ್ಲಿ ಎಳೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಬರೆದುಕೊಂಡು ಬನ್ನಿ. ಫೋನಿನಲ್ಲಿ ಜೋಶಿಯವರು ಸುಲಭವಾಗಿ ಸಿಗುತ್ತಾರೆ. ಅಜ್ಜಿಯ ಧಾಟಿ ಅಜ್ಜಿಯ ಹತ್ತಿರ ಮಾತ್ರ ಸಿಗುತ್ತದೆ. ತ್ಯಾಗರಾಜರು ಮಗುವಾಗಿದ್ದಾಗ ಅವರ ತಾಯಿ ಪುರಂದರದಾಸರ ಪದಗಳನ್ನು ಹಾಡಿ ಕಲಿಸುತ್ತಿದ್ದರಂತೆ. ಕಾವೇರಿಯ ಆ ತುದಿಯ ಮನೆಯೊಂದಕ್ಕೆ ಕನ್ನಡದ ಪದ ಹೋದದ್ದು ತಾಯಿಯ ಬಾಯಿಂದ.

ಈ ದತ್ತಿ ಯಾರ ಹೆಸರಿನಲ್ಲಿದೆಯೋ ಆ ತಾಯಿಗೆ ಓದುಬರಹ ಇರಲಿಲ್ಲವಂತೆ. ಮಜ್ಜಿಗೆ ಕಡೆಯುವಾಗ ಕೃಷ್ಣನನ್ನು ಕುರಿತ ದಾಸರ ಪದವೊಂದನ್ನು ಅವರು ಹಾಡುತ್ತಿದ್ದರು. ಸಭೆಗೆ ಮುಂಚೆ ಅವರ ಮಗಳು ನನ್ನ ಕಿವಿಯ ಹತ್ತಿರ ಅದನ್ನು ಗುನುಗಿದರು. ಆ ಧಾಟಿಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ, ಯಾವ ಕಚೇರಿಯಲ್ಲೂ ಕೇಳಿಲ್ಲ. ಕಡಗೋಲು ಹಿಂದೆ ಮುಂದೆ ಹೋಗುವ ಲಯ ಅದರಲ್ಲಿದೆ. ಇಲ್ಲಿ ಹಾಡಲು ಬಹಳ ಹೊತ್ತು ಒಲ್ಲೆ ಎಂದ ಮಗಳು ಈಗ ಒಪ್ಪಿಕೊಂಡಿದ್ದಾರೆ. ಅಮ್ಮಾ, ಮುಂದೆ ಬನ್ನಿ, ಇಲ್ಲಿ ನನ್ನ ಪಕ್ಕದಲ್ಲೇ ಕೂತುಕೊಳ್ಳಿ. ಮಕ್ಕಳೆ, ಬಲಗೈ ತೊಡೆಯ ಮೇಲೆ. ಆದಿತಾಳ ಬೇಡ, ಬರಿ ತಟ್ಟು ಸಾಕು. ಅವರು ಒಂದು ಸಾಲು ಹೇಳುತ್ತಾರೆ, ನೀವು ಹೇಳಿ.